ಕರಗುವ ಬಿಂದು ಹೇಳದ ಮಾತು

ಕಳೆದ ತಿಂಗಳು ನಮ್ಮ ಕಾಲೇಜಿನ ವಿಜ್ಞಾನ ಸಂಘದಲ್ಲಿ ಐದು ನಿಮಿಷ ಮಾತನಾಡುವ ಅವಕಾಶ ನನಗೆ ಸಿಕ್ಕಿತು. ನಾನು ಟೈಟೇನಿಯಂ ಮತ್ತು ನಿಕಲ್ ಆರಿಸಿಕೊಂಡೆ. ಅದಕ್ಕೆ ಕಾರಣವಿತ್ತು. ಅಬ್ಬಾ ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಲೇತ್ ಕೆಲಸ ಮಾಡುತ್ತಾರೆ. ಅಲ್ಲಿಗೆ ಈ ಎರಡು ಲೋಹಗಳ ಜಾಬ್‌ಗಳು ಆಗಾಗ ಬರುತ್ತವೆ. ಆದರೆ ಗೆಳೆಯರು ಕೇಳಿದರೆ ನಾನು, "ಅಬ್ಬಾ ಕಂಪನಿಯಲ್ಲಿದ್ದಾರೆ" ಎಂದಷ್ಟೇ ಹೇಳುತ್ತಿದ್ದೆ.

ಬರೆದದ್ದನ್ನು ಒಂದು ರಾತ್ರಿ ಮನೆಯಲ್ಲಿ ಓದಿದೆ. ನಿಕಲ್ 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಟೈಟೇನಿಯಂ 1668 ಡಿಗ್ರಿಯಲ್ಲಿ. ಒಂದು ಘನ ಸೆಂಟಿಮೀಟರ್ ನಿಕಲ್ 8.9 ಗ್ರಾಂ ತೂಗಿದರೆ, ಟೈಟೇನಿಯಂ 4.5 ಗ್ರಾಂ. ಆದ್ದರಿಂದ ವಿಮಾನದ ಎಂಜಿನ್ನಿನಲ್ಲಿ ಅತಿ ಬಿಸಿಯಾಗುವ ಭಾಗಕ್ಕೆ ಟೈಟೇನಿಯಮ್ಮೇ ಸೂಕ್ತ ಎಂದು ಮುಗಿಸಿದೆ.

"ಇಲ್ಲ ಬೇಟಾ, ಬಿಸಿ ಇರೋ ಕಡೆ ನಿಕಲ್ಲೇ ಹೋಗೋದು" ಎಂದರು ಅಬ್ಬಾ.

"ಪುಸ್ತಕದಲ್ಲಿ ಲೆಕ್ಕ ಇದೆ. ನಿಮಗೆ ಅದೆಲ್ಲ ಗೊತ್ತಾಗಲ್ಲ" ಎಂದೆ. ಅಬ್ಬಾ ಸುಮ್ಮನಾದರು.

ಭಾನುವಾರ ಅವರು ನನ್ನನ್ನು ವರ್ಕ್‌ಶಾಪಿಗೆ ಕರೆದೊಯ್ದು ಒಂದೇ ಅಳತೆಯ ಎರಡು ತುಂಡುಗಳನ್ನು ಕೈಗಿಟ್ಟರು. ಟೈಟೇನಿಯಂ ಸುಮಾರು ಅರ್ಧದಷ್ಟೇ ಭಾರ. ಗ್ರೈಂಡಿಂಗ್ ಚಕ್ರಕ್ಕೆ ಹಿಡಿದಾಗ ಟೈಟೇನಿಯಂನಿಂದ ಕಣ್ಣು ಕುಕ್ಕುವ ಬಿಳಿ ಕಿಡಿಗಳು ಹಾರಿದವು. ನಿಕಲ್ ಮಿಶ್ರಲೋಹದಿಂದ ಬಂದದ್ದು ಮಂಕಾದ ಕೆಂಪು ಕಿಡಿ. "ನೋಡಿದೆಯಾ? ಬಿಸಿಯಾದ್ರೆ ಇದಕ್ಕೆ ಗಾಳಿ ತಗಲುತ್ತೆ. ಇದರ ಸಣ್ಣ ಚಿಪ್‌ಗಳಿಗೆ ಬೆಂಕಿನೂ ಹತ್ತುತ್ತೆ" ಎಂದರು. ನಿಕಲ್ ಕಾಯ್ದರೂ ಮೆತ್ತಗಾಗದೆ ಟೂಲನ್ನೇ ತಿಂದುಹಾಕುತ್ತದಂತೆ.

ಮರುದಿನ ನಮ್ಮ ರಸಾಯನಶಾಸ್ತ್ರದ ಸರ್ ಕಾರಣ ವಿವರಿಸಿದರು. ಸುಮಾರು 600 ಡಿಗ್ರಿ ದಾಟಿದರೆ ಟೈಟೇನಿಯಂ ಮಿಶ್ರಲೋಹ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ, ಅದರ ಬಲವೂ ಕುಗ್ಗುತ್ತದೆ. ನಿಕಲ್ ಮಿಶ್ರಲೋಹದಲ್ಲಿರುವ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತವೆ. ನಿಕಲ್ ಮತ್ತು ಅಲ್ಯೂಮಿನಿಯಂ ಸೇರಿ ಆಗುವ ಅತಿ ಸೂಕ್ಷ್ಮ ಕಣಗಳು 1000 ಡಿಗ್ರಿಯ ಸುಮಾರಿನಲ್ಲೂ ಲೋಹ ಜಗ್ಗದಂತೆ ಹಿಡಿದಿಡುತ್ತವೆ. ಹಾಗಾಗಿ ಎಂಜಿನ್ನಿನ ಮುಂಭಾಗದ ಫ್ಯಾನ್ ಮತ್ತು ಕಂಪ್ರೆಸರ್‌ಗೆ ಹಗುರವಾದ ಟೈಟೇನಿಯಂ, ಹಿಂದಿನ ಉರಿಯುವ ಟರ್ಬೈನ್‌ಗೆ ನಿಕಲ್. ಲೋಹ ಯಾವಾಗ ನೀರಾಗುತ್ತದೆ ಎಂಬುದನ್ನು ಮಾತ್ರ ಕರಗುವ ಬಿಂದು ಹೇಳುತ್ತದೆ. ಅದಕ್ಕೆ ಎಷ್ಟೋ ಮೊದಲೇ ಅದು ಸೋತಿರಬಹುದು.

ನಾನು ಭಾಷಣವನ್ನು ಮತ್ತೆ ಬರೆದೆ. ಕೊನೆಯಲ್ಲಿ, "ನನ್ನ ತಪ್ಪನ್ನು ತಿದ್ದಿದವರು ನನ್ನ ಅಬ್ಬಾ. ಅವರು ಲೇತ್ ಕೆಲಸಗಾರರು" ಎಂದು ಎಲ್ಲರ ಮುಂದೆ ಹೇಳಿದೆ. ಗೆಳೆಯರು ಚಪ್ಪಾಳೆ ತಟ್ಟಿದರು.

ಆದರೆ ಅಂದು ರಾತ್ರಿ ಆಡಿದ ಮಾತಿಗೆ ಇನ್ನೂ ಕ್ಷಮೆ ಕೇಳಿಲ್ಲ. ಅಬ್ಬಾ ಉರ್ದು ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವರು, ಕನ್ನಡ ಓದುವುದು ಅವರಿಗೆ ಕಷ್ಟ. ಈ ಸಂಚಿಕೆ ಕೈಗೆ ಬಂದ ದಿನ ಈ ಪುಟವನ್ನು ನಾನೇ ಅವರಿಗೆ ಓದಿ ಹೇಳುತ್ತೇನೆ.