ಜ್ವರ ಬಂದ ದಿನ ಮಗು ಯಾರ ಹತ್ರ?

ಕ್ಲಾಸಲ್ಲಿ ಓದಿದ್ವಲ್ಲ, 1948ರ ಕಾರ್ಖಾನೆ ಕಾಯ್ದೆ, ಸೆಕ್ಷನ್ 48: 30ಕ್ಕಿಂತ ಹೆಚ್ಚು ಹೆಂಗಸರಿದ್ರೆ, 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರ್ಬೇಕು ಅಂತ 2025ರವರೆಗೆ ನಿಯಮ ಇತ್ತು. ಚಿಕ್ಕಮ್ಮನ ಗಾರ್ಮೆಂಟ್ಸಲ್ಲೂ ಆ ಕೋಣೆ ಇದೆ.

ಆದ್ರೆ ಮಗು ಮೈ ಬಿಸಿಯಾದ್ರೆ ಒಳಗೆ ಬಿಡಲ್ಲ. ಬೇರೆ ಮಕ್ಕಳಿಗೂ ಅಂಟುತ್ತೆ, ಅದೂ ನ್ಯಾಯವೇ. ಹಾಗಾದ್ರೆ ಆ ದಿನ?

ಇಎಸ್‌ಐನಲ್ಲಿ ಮಗುಗೆ ಔಷಧಿ ಸಿಗುತ್ತೆ. ಆದ್ರೆ ಕಾಯಿಲೆ ರಜೆಯ ಶೇ. 70 ದುಡ್ಡು ಕೆಲಸಗಾರರಿಗೇ ಕಾಯಿಲೆ ಬಂದ್ರೆ ಮಾತ್ರ. ಚಿಕ್ಕಮ್ಮ ಮನೇಲಿ ಉಳಿದ್ರೆ ಆ ದಿನದ ಸಂಬಳ ಹೋಯ್ತು, ಹಾಜರಾತಿ ಬೋನಸ್ಸೂ ಹೋಯ್ತು. ಅಜ್ಜಿ ಊರಿಂದ ಬರೋಷ್ಟರಲ್ಲಿ ಜ್ವರಾನೇ ಇಳಿದಿರುತ್ತೆ. ಕೊನೆಗೆ ಸಿಗೋದು ನಾನು. ಕಾಲೇಜಿಗೆ ಚಕ್ಕರ್.

‘ಚಿಕ್ಕಪ್ಪ ಯಾಕೆ ರಜೆ ಹಾಕ್ಬಾರ್ದು?’ ಅಂತ ಮೊನ್ನೆ ಕೇಳ್ದೆ. ಮನೆಯೆಲ್ಲಾ ಗಪ್‌ಚುಪ್.

ನಿಮ್ಮನೇಲಿ ಯಾರು ಹಾಕ್ತಾರೆ? ಕೆಳಗೆ ಬರೀರಿ.