ಮನೆಯೊಳಗಿನ ಮಳೆ

ಮನೆಯ ಅಂದವನ್ನು ಹೊರಗಿನವರು ಪಡಸಾಲೆಯಿಂದ ಅಳೆಯುವರು. ಅದರ ಸೌಖ್ಯವು ಬಚ್ಚಲಿನಲ್ಲಿದೆಯೆಂಬುದು ಒಳಗಿನವರಿಗೇ ಗೊತ್ತು. ಶಿರಾ ತಾಲ್ಲೂಕಿನ ಗೌಡಗೆರೆಯ ಸೀಮೆಯಲ್ಲಿ ಹಳೆಯ ಬಚ್ಚಲೆಂದರೆ ಒಂದು ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ, ಕೂರಲು ಕಲ್ಲುಚಪ್ಪಡಿ, ಕೈಗೊಂದು ಚೊಂಬು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಗೂ ಹೂವುಂಟು, ಪೂಜೆಯುಂಟು. ನೀರಿಗೆ ಕೈಮುಗಿಯುವುದನ್ನು ಇಲ್ಲಿಯವರು ಪುರಾಣದಿಂದ ಕಲಿಯಬೇಕಾಗಿಲ್ಲ. ಮಳೆ ತಪ್ಪಿದ ವರ್ಷಗಳೇ ಕಲಿಸಿವೆ.

ಈಗ ಹಳೆಯ ಮನೆಗಳನ್ನು ಹೊಸತುಮಾಡುವಾಗ ಒಲೆ ಹೋಗಿ, ಗೋಡೆಗೆ ಟೈಲ್ಸು ಬಂದು, ನೆತ್ತಿಯ ಮೇಲೆ ಷವರ್ ಬರುತ್ತಿದೆ. ಅಂಥ ಒಂದು ಮನೆಯ ಯಜಮಾನನು ಪೇಟೆಯಲ್ಲಿ ಕಂಡು ಮೆಚ್ಚಿದ ಅಗಲವಾದ ಷವರೊಂದನ್ನು ತಂದನು. ಅವನ ವೃದ್ಧ ತಾಯಿಯು ಅದನ್ನು ನೋಡಿ, “ಯಾಕಪ್ಪಾ, ಊರಿಗೇ ಬಾರದ ಮಳೇನ ಮನೆಯೊಳಗೆ ತರ್ತೀಯಾ?” ಎಂದಳು.

ಮಾತು ನಗೆಯದು, ಲೆಕ್ಕವು ನಗೆಯದಲ್ಲ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ ೫೫ ಲೀಟರು ನೀರೆಂದು ಗೊತ್ತುಮಾಡಿತು. ನಿಮಿಷಕ್ಕೆ ೧೦ ಲೀಟರು ಸುರಿಸುವ ಷವರಿನ ಕೆಳಗೆ ಐದು ನಿಮಿಷ ನಿಂತರೆ ೫೦ ಲೀಟರು ಹೋಯಿತು; ಅಡಿಗೆಗೂ ಬಟ್ಟೆಗೂ ಉಳಿದುದು ಐದೇ ಲೀಟರು. ಚೊಂಬಿನಿಂದ ಮೀಯುವವನು ತಿಳಿಯದೆಯೇ ಎಣಿಸುತ್ತಾನೆ. ಷವರಿನಡಿ ನಿಂತವನು ಎಣಿಕೆಯನ್ನೇ ಮರೆಯುತ್ತಾನೆ.

ಕೊಳಾಯಿ ಕೆಲಸದವನು ಬೇರೆಯ ತೊಡಕುಗಳನ್ನು ತಿಳಿಸಿದನು. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಕೊಡುವುದು. ತಾರಸಿಯ ಟ್ಯಾಂಕು ಷವರಿಗಿಂತ ಎರಡೇ ಮೀಟರ್ ಮೇಲಿದ್ದರೆ ದೊರೆಯುವುದು ಅದರ ಐದನೆಯ ಒಂದು ಪಾಲು. ಅಗಲವಾದ ಷವರು ಅಷ್ಟಕ್ಕೆ ಮಳೆಗರೆಯದು, ತೊಟ್ಟಿಕ್ಕುವುದು. ಮೇಲಾಗಿ ಕೊಳವೆಬಾವಿಯ ನೀರು ಗಡಸು. ಅದರ ಸುಣ್ಣವು ಒಣಗಿ ಸಣ್ಣ ರಂಧ್ರಗಳನ್ನು ಮುಚ್ಚುವುದು. ಆಗಾಗ ಬಿಚ್ಚಿ ನಿಂಬೆಹುಳಿಯಲ್ಲಿ ನೆನೆಸಿದರೆ ಆ ಸುಣ್ಣವು ಕರಗೀತು. ಗೋಡೆಯೊಳಗಿನ ಕೊಳವೆಗಳಿಗೆ ಒತ್ತಡ ಕೊಟ್ಟು ಸೋರಿಕೆಯನ್ನು ನೋಡದೆ ಗಾರೆ ಮುಚ್ಚಬಾರದು. ನೆಲಕ್ಕೆ ವಾಟ ಸರಿಯಿರಬೇಕು.

ಇಷ್ಟನ್ನು ಕೇಳಿ ಯಜಮಾನನು ಷವರಿನ ಆಸೆಯನ್ನೇ ಬಿಡುವವನಿದ್ದನು. ಆಗ ಅವನ ಹೆಂಡತಿ ಅದುವರೆಗೆ ಹೇಳದಿದ್ದುದನ್ನು ಹೇಳಿದಳು. ಅತ್ತೆಯ ಬಲಭುಜವು ಮೇಲಕ್ಕೆ ಏಳದೆ ವರ್ಷವಾಗಿತ್ತು. ಚೊಂಬನ್ನು ತಲೆಯವರೆಗೆ ಎತ್ತಲಾರದೆ, ದಿನವೂ ಸೊಸೆಯನ್ನು ಕರೆಯಲು ಸಂಕೋಚಪಟ್ಟು, ಆಕೆ ಎರಡು ದಿನಕ್ಕೊಮ್ಮೆ ಮೀಯತೊಡಗಿದ್ದಳು. ನೀರನ್ನು ಉಳಿಸುವ ಮಾತಿನ ಹಿಂದೆ ತನ್ನ ಮಾನವನ್ನು ಉಳಿಸಿಕೊಳ್ಳುವ ಯತ್ನವೂ ಇತ್ತು.

ಅಗಲವಾದ ಷವರು ಅಂಗಡಿಗೆ ಮರಳಿತು. ಅದರ ಬದಲು ಕುಳಿತವರ ಕೈಗೆ ಎಟಕುವಂತೆ, ಉದ್ದವಾದ ಮೆತ್ತನೆಯ ಕೊಳವೆಯುಳ್ಳ ಸಣ್ಣ ಕೈಷವರು ಬಂದಿತು. ಹಳೆಯ ಚಪ್ಪಡಿಯನ್ನೇ ಎತ್ತರಿಸಿ ಆಸನವಾಗಿ ಮಾಡಿದರು. ಏಳುವಾಗ ಹಿಡಿಯಲು ಗೋಡೆಗೆ ಭದ್ರವಾದ ಸರಳನ್ನಿಟ್ಟರು. ಸೋಪು ಹಚ್ಚುವಾಗ ನೀರನ್ನು ನಿಲ್ಲಿಸಲು ತಿರುಪು ಹಿಡಿಯಲ್ಲೇ ಇದೆ. ಬಚ್ಚಲ ನೀರು ಮೊದಲಿನಂತೆ ಹಿತ್ತಲ ಬಾಳೆಯ ಬುಡಕ್ಕೇ ಹರಿಯುತ್ತದೆ. ಎಣ್ಣೆಸ್ನಾನದ ದಿನ ಮಾತ್ರ ಮುದುಕಿ ಸೊಸೆಯನ್ನು ಕರೆಯುತ್ತಾಳೆ. ಆದರೆ ಆ ಕರೆಯಲ್ಲಿ ಈಗ ಸಂಕೋಚವಿಲ್ಲ, ಸಲಿಗೆಯಿದೆ.

ಹೊಸ ಸಾಧನಗಳನ್ನು ಹೊಗಳುವವರೂ ಹಳಿಯುವವರೂ ಅವುಗಳ ಹೊಳಪನ್ನು ನೋಡಿ ಮಾತನಾಡುವುದುಂಟು. ಅವು ಯಾರ ಕೈಗೆ ಎಟಕುವುವು, ಊರ ನೀರಿನಲ್ಲಿ ಎಷ್ಟನ್ನು ಬೇಡುವುವು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಂಡರೆ, ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು ಎಂಬುದು ತಾನಾಗಿ ತಿಳಿದೀತು.