ಎಲೆಯ ಊಟ, ಮೊಗ್ಗಿನ ಊಟ

ನಮ್ಮ ಹಿತ್ತಿಲ ದುಂಡುಮಲ್ಲಿಗೆ ಎರಡು ಬೇಸಿಗೆ ಹೂವನ್ನೇ ಬಿಡಲಿಲ್ಲ. ಎಲೆಗಳೇನೋ ಕಡುಹಸಿರು, ಸೊಂಪಾಗಿ ಹಬ್ಬಿದ್ದವು. "ಗೊಡ್ಡು ಗಿಡ, ಕಿತ್ತುಹಾಕಿ" ಎಂದರು ನೋಡಿದವರು. ಅದು ನನ್ನ ಹೆಂಡತಿ ನೆಟ್ಟ ಗಿಡ. ಅವಳು ಹೋಗಿ ಮೂರು ವರ್ಷ. ಕೀಳಲು ಕೈ ಬರಲಿಲ್ಲ.

ನಾನು ಮಗನ ಊರಿನಲ್ಲಿದ್ದಾಗ ಗಿಡ ನೋಡಿಕೊಳ್ಳುತ್ತಿದ್ದವರು ಪ್ರತಿ ತಿಂಗಳೂ ಯೂರಿಯಾ ಹಾಕುತ್ತಿದ್ದರಂತೆ, ಪ್ರೀತಿಯಿಂದಲೇ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅದು ಎಲೆ, ಕಾಂಡಗಳ ಊಟ. ಅದೊಂದೇ ಹೊಟ್ಟೆ ತುಂಬ ಸಿಗುತ್ತಿದ್ದರೆ ಗಿಡಕ್ಕೆ ಹೂವಿನ ನೆನಪಾದರೂ ಯಾಕೆ ಬರಬೇಕು?

"ಹಾಗಾದರೆ ಗೊಬ್ಬರವೇ ಬೇಡವಾ ತಾತ?" ಎಂದಳು ಏಳನೇ ತರಗತಿಯ ಮೊಮ್ಮಗಳು.

ಬೇಕು ಮಗು, ಆದರೆ ಗಿಡದ ವಯಸ್ಸು ನೋಡಿ. ಈಗಷ್ಟೇ ನೆಟ್ಟ ಕಡ್ಡಿಗೆ ಏನೂ ಬೇಡ. ಬೇರೇ ಇಲ್ಲದ್ದು ಉಣ್ಣುವುದಾದರೂ ಹೇಗೆ? ಆಗ ರಾಸಾಯನಿಕ ಗೊಬ್ಬರ ಸುರಿದರೆ ಎಳೆಬೇರಿನ ನೀರನ್ನೇ ಎಳೆದುಕೊಂಡು ಸುಟ್ಟುಬಿಡುತ್ತದೆ. ಚಿಗುರುವ ಗಿಡಕ್ಕೆ ಸಾರಜನಕ, ಮೊಗ್ಗಿಗೆ ಸಿದ್ಧವಾಗುವ ಗಿಡಕ್ಕೆ ರಂಜಕ ಮತ್ತು ಪೊಟ್ಯಾಷ್.

ನವೆಂಬರ್ ಕೊನೆಯಲ್ಲಿ ಇಬ್ಬರೂ ಸೇರಿ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆವು. ಅವಳಿಗೆ ಅಳುವೇ ಬಂತು. ಆದರೆ ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಕೆಲವು ದಿನ ನೀರು ನಿಲ್ಲಿಸಿ, ಆಮೇಲೆ ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಮಣ್ಣು ಬಿಡಿಸಿ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಬುಟ್ಟಿ, ಮೂಳೆಪುಡಿ ಒಂದು ಹಿಡಿ ಬೆರೆಸಿದೆವು. ಮೂಳೆಪುಡಿಯ ರಂಜಕ ನಿಧಾನವಾಗಿ ಕರಗುತ್ತದೆ. ಮೊಗ್ಗು ಕಂಡ ಮೇಲೆ ಹಾಕಿದರೆ ತಡವಾಯಿತು. ಚಿಗುರೊಡೆದಾಗ ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಸಿ, ತಿಳಿಗೆ ಹತ್ತುಪಟ್ಟು ನೀರು ಸೇರಿಸಿ ಒಮ್ಮೆ ಮಾತ್ರ ಕೊಟ್ಟೆವು. (ವಾಸನೆಗೆ ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿದ್ದಳು.)

ಜನವರಿ ಕೊನೆಗೆ ಸೌದೆಯ ಬೂದಿ ಒಂದು ಹಿಡಿ. ಅದರಲ್ಲಿ ಪೊಟ್ಯಾಷ್ ಇದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡ. ಬೂದಿಯನ್ನು ಯೂರಿಯಾದ ಜೊತೆ ಬೆರೆಸಲೂಬಾರದು, ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ.

ಮಾರ್ಚ್ ಎರಡನೇ ವಾರ ಮೊಮ್ಮಗಳು ಹಿತ್ತಿಲಿಂದ ಕೂಗಿದಳು. ಹನ್ನೊಂದು ಮೊಗ್ಗು! ಸಂಜೆ ಬಾಳೆನಾರಿನಲ್ಲಿ ತಾನೇ ಕಟ್ಟಿ ಅಜ್ಜಿಯ ಫೋಟೋಕ್ಕೆ ಮುಡಿಸಿದಳು. ಮಾಲೆ ಗೇಣುದ್ದವೂ ಇರಲಿಲ್ಲ, ಮನೆಯೆಲ್ಲಾ ಘಮ್ಮೆಂದಿತು.

ಮರುದಿನವೇ ಇನ್ನೊಂದು ಹಿಡಿ ಬೂದಿ ಹಿಡಿದು ಬಂದಳು. ಬೇಡವೆಂದು ತಡೆದೆ. ಹೂ ಬಿಡುವಾಗ ನೀರು ಸಾಕು. ಈಗ ಜೂನ್, ಹೂ ಕಡಿಮೆಯಾಗುತ್ತಿದೆ. ಇನ್ನೊಂದು ಬುಟ್ಟಿ ಹಟ್ಟಿಗೊಬ್ಬರ ತಂದಿಡಲು ಹಾಲಿನವರಿಗೆ ಹೇಳಿದ್ದೇನೆ.